ಐದು ಮನೆಯ ಚೀಟಿ

(ನಮ್ಮೂರಿನ ಗ್ರಂಥಾಲಯದಲ್ಲಿ ಸ್ತ್ರೀಶಕ್ತಿ ಸಂಘದವರು ಮತ್ತು ಕಾಲೇಜು ಮಕ್ಕಳ ಎದುರು ಆಡಿದ ಮಾತು ಇದು. ಅಂದು ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯವನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೊರೊನಾ ಕಾಲದ ಬಗ್ಗೆ ಮಾತಾಡಿ ಅಂತ ಕರೆದಾಗ ನಾನು ಸ್ವಲ್ಪ ಯೋಚನೆ ಮಾಡಿದೆ. ದೊಡ್ಡ ವಿಷಯಗಳನ್ನು ಹೇಳುವುದಕ್ಕೆ ಡಾಕ್ಟರುಗಳಿದ್ದಾರೆ. ನಾನು ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಿಯಾದವಳು. ನನ್ನ ಹತ್ತಿರ ಇರುವುದು ಒಂದು ದಿನ ಮಾತ್ರ. ಆ ದಿನ ನಾನು ಸ್ಕೂಟರ್ ಹತ್ತಿ ಮಡಿಕೇರಿಗೆ ಹೋಗಿ, ಸಾಮಾನು ತಂದು, ಐದು ಮನೆಗೆ ಹಂಚಿದೆ. ಅಷ್ಟೇ ಆಗಿದ್ದು. ಆದರೆ ಅವತ್ತು ಕಲಿತದ್ದನ್ನು ಇವತ್ತಿಗೂ ಪಾಲಿಸುತ್ತಿದ್ದೇನೆ. ಹಾಗಾಗಿ ಅದನ್ನೇ ಹೇಳುತ್ತೇನೆ.

ಅದು 2021ರ ಜೂನ್ ತಿಂಗಳು. ಎರಡನೇ ಅಲೆ. ಬೇರೆ ಬೇರೆ ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕ ಮೇಲೂ ಕೊಡಗಿನಲ್ಲಿ ನಿರ್ಬಂಧ ಮುಂದುವರಿದಿತ್ತು, ನಿಮಗೆಲ್ಲ ನೆನಪಿರಬಹುದು. ದಿನಸಿ ಅಂಗಡಿ ವಾರದಲ್ಲಿ ಕೆಲವೇ ದಿನ ತೆರೆಯುತ್ತಿತ್ತು. ಅದೂ ಮಧ್ಯಾಹ್ನದೊಳಗೆ ಬಾಗಿಲು ಹಾಕಬೇಕು. ಬಸ್ ಇಲ್ಲ. ಮೇಲಿಂದ ಮಳೆ ಶುರುವಾಗಿತ್ತು.

ನಮ್ಮ ಕಡೆ ಮನೆಯೊಳಗೆ ಕೂರುವುದು ಹೊಸದಲ್ಲ. ಕಕ್ಕಡ ತಿಂಗಳು, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು, ಬರುವ ಮೊದಲೇ ಅಕ್ಕಿ, ಉಪ್ಪು, ಒಣಮೀನು, ಸೌದೆ ಎಲ್ಲ ಮನೆ ಸೇರಿರಬೇಕು ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ವಾರಗಟ್ಟಲೆ ಮಳೆ ಬಿದ್ದು ಹೊಳೆ ತುಂಬಿದರೆ ಯಾರೂ ಪೇಟೆಗೆ ಹೋಗುತ್ತಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ರಸ್ತೆಯೇ ಇರಲಿಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಜಾರಿತು. ದಾರಿ ಮುಚ್ಚಿಹೋಗುವುದು ಅಂದರೆ ಏನು ಅಂತ ನಮಗೆ ಗೊತ್ತು. ಆದರೆ ಆ ಹಳೆಯ ಲೆಕ್ಕದಲ್ಲಿ ಎರಡು ಸಾಮಾನು ಇರಲಿಲ್ಲ. ಒಂದು, ದಿನಾ ನುಂಗಬೇಕಾದ ಮಾತ್ರೆ. ಇನ್ನೊಂದು, ಮೊಬೈಲಿನ ರೀಚಾರ್ಜ್. ಎರಡನ್ನೂ ವರ್ಷಕ್ಕಾಗುವಷ್ಟು ತಂದು ಅಟ್ಟದಲ್ಲಿ ಇಡುವುದಕ್ಕೆ ಆಗುವುದಿಲ್ಲ.

ನಮ್ಮ ಮನೆ ಮೂರ್ನಾಡಿನ ಆಚೆ, ಮುಖ್ಯ ರಸ್ತೆಯಿಂದ ಒಳಗೆ. ಅಲ್ಲಿ ಐದು ಮನೆ. ಒಂದು ನಮ್ಮದು. ಎದುರಿಗೆ ಅಜ್ಜಿಯ ಮನೆ, ಅಜ್ಜಿ ಮತ್ತು ಪಿಯುಸಿ ಓದುವ ಮೊಮ್ಮಗಳು. ತಿರುವಿನಲ್ಲಿ ಕಾಕನ ಮನೆ. ಅದರಿಂದ ಕೆಳಗೆ ಅಣ್ಣತಮ್ಮಂದಿರು ಒಟ್ಟಿಗಿರುವ ಮನೆ, ಅಲ್ಲಿ ಶಾಲೆಗೆ ಹೋಗುವ ಹುಡುಗ. ಕೊನೆಗೆ ತೋಟದ ಲೈನ್ ಮನೆ, ಪಿರಿಯಾಪಟ್ಟಣದ ಕಡೆಯಿಂದ ಕೆಲಸಕ್ಕೆ ಬಂದಿದ್ದ ಗಂಡ ಹೆಂಡತಿ.

ನಾನು ಹೊರಟಿದ್ದು ನಮ್ಮ ಮನೆಯವರ ಬಿಪಿ ಮಾತ್ರೆಗೆ. ಮೂರ್ನಾಡಿನಲ್ಲಿ ಅದು ಮುಗಿದಿತ್ತು. ಹಿಂದಿನ ದಿನ ಸಂಜೆ ಸುಮ್ನೆ ಒಂದು ಮಾತು ಕೇಳೋಣ ಅಂತ ಗೇಟಿನ ಹತ್ತಿರ ನಿಂತು, “ಅಜ್ಜೀ, ನಾಳೆ ಮಡಿಕೇರಿಗೆ ಹೋಗ್ತೇನೆ, ಏನಾದರೂ ಬೇಕಾ?” ಅಂದೆ. ಅಜ್ಜಿ ಕೂಡಲೇ, “ಒಂದು ವಾರದಿಂದ ಮಾತ್ರೆ ದಿನ ಬಿಟ್ಟು ದಿನ ತಗೊಳ್ತಿದ್ದೇನೆ ಟೀಚರೇ, ಮುಗಿದುಹೋದ್ರೆ ಅಂತ” ಅಂದರು.

ನನಗೆ ಆ ಮಾತು ತುಂಬಾ ತಾಗಿತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಇರುವವರು. 82 ವರ್ಷ. ಬಿಪಿ ಮಾತ್ರೆಯನ್ನು ಹಾಗೆ ಅರ್ಧ ಮಾಡಿಕೊಂಡು ನುಂಗಬಾರದು, ನಿಲ್ಲಿಸಿದರೆ ಒತ್ತಡ ಏರುತ್ತದೆ. ನಾನು ಕೇಳದಿದ್ದರೆ ಅವರು ಹೇಳುತ್ತಲೂ ಇರಲಿಲ್ಲ. ಯಾಕೆಂದರೆ ನಮ್ಮಲ್ಲಿ ವಯಸ್ಸಾದವರು ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅಂತ ಬಾಯಿ ಕಟ್ಟಿಕೊಂಡು ಇರುತ್ತಾರೆ. ಕೇಳಿದರೆ ಮಾತ್ರ ಹೇಳುತ್ತಾರೆ. ಅವತ್ತು ಸಂಜೆ ಕೊಡೆ ಹಿಡಿದುಕೊಂಡು ಉಳಿದ ಮೂರು ಮನೆಗೂ ಹೋಗಿ ಕೇಳಿದೆ. ಹೀಗೆ ಹುಟ್ಟಿದ್ದು ಆ ಚೀಟಿ.

ಹಳೆಯ ನೋಟ್‌ಬುಕ್ಕಿನ ಹಾಳೆ. ಐದು ಭಾಗ ಮಾಡಿ ಬರೆದೆ. ಕಾಕನಿಗೆ ಮೈದಾ, ಸಕ್ಕರೆ, ಮತ್ತೆ ಒಂದು ಪ್ರಶ್ನೆ. ಪ್ರಶ್ನೆ ಅಂದರೆ, ಎರಡನೇ ಡೋಸ್ ಲಸಿಕೆ ಯಾವತ್ತು ಅಂತ ವಿಚಾರಿಸಿ ಬರಬೇಕು. ಅಣ್ಣತಮ್ಮಂದಿರ ಮನೆಗೆ ಬೇಳೆ, ಎಣ್ಣೆ, ಹುಡುಗನ ಕ್ಲಾಸಿಗೆ ರೀಚಾರ್ಜ್. ಲೈನ್ ಮನೆಗೆ ರಾಗಿಹಿಟ್ಟು, ಜ್ವರದ ಮಾತ್ರೆ, ಎರಡು ಮಾಸ್ಕ್. ಬೇಳೆಯ ಕೆಳಗೆ ರೀಚಾರ್ಜ್ ಅಂತ ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಆ ಹುಡುಗ ನೆಟ್‌ವರ್ಕ್ ಸಿಗುವ ತಿರುವಿನಲ್ಲಿ, ಕಾಫಿ ಗಿಡಗಳ ಮಧ್ಯೆ ಪ್ಲಾಸ್ಟಿಕ್ ಶೀಟು ಕಟ್ಟಿಕೊಂಡು ಕೂತು ಪಾಠ ಕೇಳುತ್ತಿದ್ದ. ಜಿಗಣೆ ಕಾಲಿಗೆ ಹತ್ತದಂತೆ ಸಾಕ್ಸಿಗೆ ಉಪ್ಪು ಸವರಿಕೊಂಡು ಕೂರುತ್ತಿದ್ದ. ಅವನಿಗೆ ರೀಚಾರ್ಜ್ ಅಂದರೆ ಶಾಲೆಯ ಬಾಗಿಲು.

ಬೆಳಗ್ಗೆ ಆರೂವರೆಗೆ ಹೊರಟೆ. ಹಾಕತ್ತೂರು, ಮೇಕೇರಿ ದಾಟಿ ಮಡಿಕೇರಿ, ಸುಮಾರು 15 ಕಿಲೋಮೀಟರ್. ದಾರಿಯಲ್ಲಿ ಪೊಲೀಸರು ತಡೆದರು. ಡಾಕ್ಟರ ಚೀಟಿ ತೋರಿಸಿದೆ. ಎಳೆ ವಯಸ್ಸಿನ ಪೊಲೀಸ್, ರೇನ್‌ಕೋಟಿನೊಳಗೂ ನೆನೆದಿದ್ದರು. “ಬೇಗ ಮುಗಿಸಿಕೊಂಡು ಬನ್ನಿ ಅಮ್ಮ” ಅಂದರು. ಅವರು ರಾತ್ರಿಯಿಂದ ಅಲ್ಲಿ ನಿಂತಿದ್ದರಂತೆ.

ಮಹದೇವಪೇಟೆಯ ಅಂಗಡಿಗಳ ಮುಂದೆ ಹಿಂದಿನ ವರ್ಷ ಸುಣ್ಣದಲ್ಲಿ ಬರೆದಿದ್ದ ವೃತ್ತಗಳು ಅಳಿಸಿಹೋಗಿದ್ದವು. ಆದರೂ ಸಾಲಿನಲ್ಲಿ ಅಂತರ ಇತ್ತು. ಯಾಕೆ ಅಂದರೆ ಎಲ್ಲರ ಕೈಯಲ್ಲೂ ಕೊಡೆ. ಕೇರಳದ ಆಲಪ್ಪುಳ ಜಿಲ್ಲೆಯ ತಣ್ಣೀರ್‌ಮುಕ್ಕಂ ಅನ್ನುವ ಪಂಚಾಯಿತಿಯಲ್ಲಿ 2020ರ ಏಪ್ರಿಲ್‌ನಲ್ಲೇ ಹೊರಗೆ ಬರುವವರೆಲ್ಲ ಕೊಡೆ ಹಿಡಿಯಬೇಕು ಅಂತ ಮಾಡಿದ್ದರು. ಎರಡು ತೆರೆದ ಕೊಡೆ ತಾಗದ ಹಾಗೆ ನಿಂತರೆ ಇಬ್ಬರ ನಡುವೆ ಒಂದು ಮೀಟರ್ ಅಂತರ ತಾನಾಗಿಯೇ ಉಳಿಯುತ್ತದೆ. ಅವರು ಬಿಸಿಲಲ್ಲಿ ಮಾಡಿದ್ದನ್ನು ನಾವು ಮಳೆಯಲ್ಲಿ ಯಾರೂ ಹೇಳದೆಯೇ ಮಾಡುತ್ತಿದ್ದೆವು. ಬೈದು ಅಂತರ ಕಾಯಿಸುವುದಕ್ಕಿಂತ ಕೊಡೆ ಒಳ್ಳೆಯದು, ಅಲ್ವಾ?

ಮಳೆಯಲ್ಲಿ ಇನ್ನೊಂದು ಕಷ್ಟ ಇತ್ತು. ಬಟ್ಟೆಯ ಮಾಸ್ಕ್ ಹತ್ತೇ ನಿಮಿಷಕ್ಕೆ ಒದ್ದೆ. ಒದ್ದೆಯಾದ ಮಾಸ್ಕಿನಲ್ಲಿ ಉಸಿರಾಡುವುದು ಕಷ್ಟ, ಅದು ಸರಿಯಾಗಿ ತಡೆಯುವುದೂ ಇಲ್ಲ. ಉಸಿರು ಕಟ್ಟಿದ ಹಾಗಾಗಿ ಜನ ಮೂಗಿನ ಕೆಳಗೆ ಎಳೆದುಕೊಳ್ಳುತ್ತಿದ್ದರು. ನಾನು ಮೂರು ಮಾಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು, ಇನ್ನೊಂದು ಕವರಿನಲ್ಲಿ ಒದ್ದೆಯಾದದ್ದನ್ನು ಹಾಕಿಕೊಳ್ಳುತ್ತಿದ್ದೆ. ಮನೆಗೆ ಬಂದು ಸೋಪಿನಲ್ಲಿ ತೊಳೆದು ಒಲೆಯ ಮೇಲಿನ ಹಗ್ಗಕ್ಕೆ ಹಾಕುವುದು. ಜೂನ್‌ನಿಂದ ಮೂರು ತಿಂಗಳು ನಮ್ಮಲ್ಲಿ ಬಟ್ಟೆ ಒಣಗುವುದು ಅಲ್ಲೇ ತಾನೆ. ಆ ವರ್ಷ ನಮ್ಮ ಮನೆಯ ಮಾಸ್ಕುಗಳಿಗೆಲ್ಲ ಹೊಗೆಯ ವಾಸನೆ.

ಈಗ ಔಷಧಿ ಅಂಗಡಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಇಲ್ಲಿ ನಾನು ತಪ್ಪು ಮಾಡಿದೆ.

ಹಿಂದಿನ ದಿನ ಅಜ್ಜಿಯನ್ನು ಯಾವ ಮಾತ್ರೆ ಅಂತ ಕೇಳಿದಾಗ “ಬಿಳಿ, ಸಣ್ಣದು” ಅಂದಿದ್ದರು. ಒಳಗಿನಿಂದ ಮೊಮ್ಮಗಳು “ಟೆಲ್ಮಿಸಾರ್ಟಾನ್” ಅಂತ ಕೂಗಿ ಹೇಳಿದಳು. ಬರೆದುಕೊಂಡೆ. ನಮ್ಮ ಮನೆಯವರದೂ ಅದೇ ಮಾತ್ರೆ. ಅಂಗಡಿಯಲ್ಲಿ “ನಲವತ್ತಾ ಅಕ್ಕ, ಎಂಬತ್ತಾ?” ಅಂತ ಕೇಳಿದರು. ಹಿಂದೆ ಸಾಲು ಬೆಳೆದಿತ್ತು. ಗಡಿಬಿಡಿ. ನಮ್ಮ ಮನೆಯವರದು 80 ಮಿಲಿಗ್ರಾಂ. ಅದೇ ತಲೆಯಲ್ಲಿತ್ತು. ಎರಡಕ್ಕೂ “ಎಂಬತ್ತು” ಅಂದುಬಿಟ್ಟೆ.

ಸಂಜೆ ಏಳು ಗಂಟೆಗೆ ಮೊಮ್ಮಗಳು ಓಡಿ ಬಂದಳು. ಒಂದು ಕೈಯಲ್ಲಿ ಹೊಸ ಸ್ಟ್ರಿಪ್, ಇನ್ನೊಂದು ಕೈಯಲ್ಲಿ ಹಳೆಯದು. “ಟೀಚರ್, ಹೆಸರು ಒಂದೇ, ಆದ್ರೆ ನಂಬರ್ ಬೇರೆ ಇದೆ.” ಹಳೆಯದರ ಮೇಲೆ 40. ಅಜ್ಜಿ ರಾತ್ರಿ ಊಟ ಆದ ಮೇಲೆ ತೆಗೆದುಕೊಳ್ಳುವುದು. ಇನ್ನು ಒಂದು ಗಂಟೆ ಇತ್ತು. ಎರಡು ಪಟ್ಟು ಮಾತ್ರೆ ಹೋದರೆ ಒತ್ತಡ ಜಾಸ್ತಿ ಇಳಿದು ತಲೆ ಸುತ್ತಬಹುದು. ಆ ವಯಸ್ಸಿನಲ್ಲಿ ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದರೆ ಸೊಂಟ ಮುರಿಯುತ್ತದೆ. ನನ್ನ ಕೈ ನಡುಗಿತು. ಇವತ್ತು ಹೇಳುವಾಗಲೂ ಎದೆ ಸ್ವಲ್ಪ ಜೋರಾಗಿಯೇ ಹೊಡೆದುಕೊಳ್ಳುತ್ತದೆ.

ತಿರುವಿಗೆ ಹೋಗಿ ಅಂಗಡಿಯವರಿಗೆ ಫೋನ್ ಮಾಡಿದೆ. ಬಿಲ್ಲಿನಲ್ಲಿ ನಂಬರ್ ಇತ್ತು. ಅವರು ಒಂದು ಮಾತೂ ಬೈಯಲಿಲ್ಲ. “ಅದನ್ನು ಕೊಡಬೇಡಿ. ಹಳೆಯದು ಎಷ್ಟು ಉಳಿದಿದೆ?” ಅಂದರು. ಎರಡು ಇತ್ತು. “ಇವತ್ತು ಅದನ್ನೇ ಕೊಡಿ. ನಾಳೆ ಪೇಪರ್ ತರುವ ಜೀಪಿನಲ್ಲಿ ಸರಿಯಾದದ್ದು ಕಳಿಸ್ತೇನೆ.” ಬೆಳಗ್ಗೆ ಪೇಪರ್ ಕಟ್ಟಿನ ಜೊತೆ ಒಂದು ಚಿಕ್ಕ ಪೊಟ್ಟಣ ಮೂರ್ನಾಡಿಗೆ ಬಂತು. ಬಸ್ ಇಲ್ಲದ ದಿನಗಳಲ್ಲೂ ಆ ಜೀಪು ಓಡುತ್ತಿತ್ತು. ಪೇಪರ್ ಜೊತೆಗೆ ಎಷ್ಟು ಮನೆಯ ಮಾತ್ರೆ ಅದರಲ್ಲಿ ಬಂದಿದೆಯೋ.

ಆವತ್ತಿನಿಂದ ಯಾರ ಮಾತ್ರೆ ತರುವುದಿದ್ದರೂ ನಾನು ಹೆಸರು ಬರೆದುಕೊಳ್ಳುವುದಿಲ್ಲ. ಖಾಲಿ ಸ್ಟ್ರಿಪ್ಪನ್ನೇ ಕೇಳಿ ತೆಗೆದುಕೊಂಡು ಹೋಗುತ್ತೇನೆ. ಮಕ್ಕಳೇ, ಇದನ್ನು ಮನೆಗೆ ಹೋಗಿ ನೋಡಿ. ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ. ಅಜ್ಜಿ ಅಜ್ಜಂದಿರು ಆ ತುದಿಯಿಂದಲೇ ಮಾತ್ರೆ ತೆಗೆದು, ಖಾಲಿಯಾದ ಭಾಗ ಕತ್ತರಿಸಿ ಎಸೆದುಬಿಡುತ್ತಾರೆ. ಉಳಿದದ್ದು ಯಾವಾಗಿನದು ಅಂತ ಆಮೇಲೆ ಗೊತ್ತಾಗುವುದಿಲ್ಲ. ಇನ್ನೊಂದು ತುದಿಯಿಂದ ತೆಗೆಯಲು ಹೇಳಿಕೊಡಿ. ಮಾತ್ರೆಯ ಹೆಸರಿನ ಮುಂದಿನ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಡಬ್ಬಿಗೆ ಅಂಟಿಸಿ. ಆ ಹುಡುಗಿ ಹಳೆಯ ಸ್ಟ್ರಿಪ್ಪನ್ನು ಬಿಸ್ಕೆಟ್ ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ಅದರಿಂದಲೇ ಆ ರಾತ್ರಿ ಉಳಿಯಿತು.

ಮತ್ತೆ ಮಡಿಕೇರಿಯ ಆ ಬೆಳಗ್ಗೆಗೆ ಬರುತ್ತೇನೆ. ಬ್ಯಾಂಕಿಗೂ ಹೋಗಿದ್ದೆ, ಅಲ್ಲಿ ಹೆಚ್ಚು ಹೊತ್ತು ಆಗಲಿಲ್ಲ. ಒಬ್ಬ ವಯಸ್ಸಾದವರು ಫಾರಂ ಹಿಡಿದು ನಿಂತಿದ್ದರು, ಓದು ಬಾರದು. ಮೊದಲಾದರೆ ಯಾರಾದರೂ ಬರೆದುಕೊಡುತ್ತಿದ್ದರು. ಆಗ ಎಲ್ಲರಿಗೂ ಹತ್ತಿರ ಹೋಗಲು ಹೆದರಿಕೆ. ನಾನು ಬರೆದುಕೊಟ್ಟೆ, ನನ್ನದೇ ಪೆನ್ನಿನಲ್ಲಿ. ಬರೆದ ಮೇಲೆ ಎಷ್ಟು ರೂಪಾಯಿ ಅಂತ ಬರೆದಿದ್ದೇನೆಂದು ಅವರಿಗೆ ಓದಿ ಹೇಳಿದೆ. ಬೇರೆಯವರ ದುಡ್ಡಿನ ಕಾಗದ ತುಂಬಿದರೆ ಅದನ್ನು ಓದಿ ಹೇಳಲೇಬೇಕು.

ಕಾಕನ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವರು ಮತ್ತು ಅವರ ಹೆಂಡತಿ ಏಪ್ರಿಲ್ 9ರಂದು ಕೋವಿಶೀಲ್ಡ್ ಹಾಕಿಸಿಕೊಂಡಿದ್ದರು. ಆಗ ಆರರಿಂದ ಎಂಟು ವಾರದ ಅಂತರ ಅಂತ ಹೇಳಿದ್ದರು. ಮೇ ತಿಂಗಳಲ್ಲಿ ಸರ್ಕಾರ ಅದನ್ನು 12ರಿಂದ 16 ವಾರ ಮಾಡಿತು. ಕೊವ್ಯಾಕ್ಸಿನ್‌ಗೆ ಮಾತ್ರ ನಾಲ್ಕರಿಂದ ಆರು ವಾರ ಹಾಗೇ ಇತ್ತು. ಇದು ತಿಳಿಯದೆ ಎಷ್ಟೋ ಜನ ಜೀಪು ಬಾಡಿಗೆ ಮಾಡಿಕೊಂಡು ಬಂದು, 84 ದಿನ ಆಗಿಲ್ಲ ಅಂತ ಹಿಂದೆ ಹೋಗುತ್ತಿದ್ದರು. ಸುದ್ದಿ ಬಾರದೆ ಹೋಗಿ ದುಡ್ಡೂ ಹೋಯಿತು, ಅಷ್ಟು ಜನರ ನಡುವೆ ಕಾದದ್ದೂ ಆಯಿತು. ನಾನು ಕ್ಯಾಲೆಂಡರ್ ನೋಡಿ ಎಣಿಸಿ, ಜುಲೈ 2ರಿಂದ ಅಂತ ಚೀಟಿಯಲ್ಲಿ ಬರೆದುಕೊಂಡೆ. ಅವತ್ತು ಚೀಲದಲ್ಲಿ ಭಾರವಿಲ್ಲದ ಸಾಮಾನು ಅದೊಂದೇ. ಕಾಕನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದದ್ದೂ ಅದೇ.

ವಾಪಸ್ ಬರುವಾಗ ನಮ್ಮ ದಾರಿಯಲ್ಲಿ ಆಶಾ ಕಾರ್ಯಕರ್ತೆ ನಡೆದು ಹೋಗುತ್ತಿದ್ದರು. ಕೆಲವು ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ಕಿಲೋಮೀಟರ್ ಇರುವ ಊರು ನಮ್ಮದು. ಆ ಮಳೆಯಲ್ಲಿ, ಆ ಏರಿನಲ್ಲಿ ಅವರು ಮನೆ ಮನೆ ಸುತ್ತಿದ್ದಾರೆ. ಅವರ ಕೆಲಸಕ್ಕೆ ನಾವು ಸರಿಯಾಗಿ ಕೃತಜ್ಞತೆ ಹೇಳಿಲ್ಲ ಅಂತ ನನ್ನ ಭಾವನೆ. ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ.

ಅಜ್ಜಿಗೆ ಎರಡು ದಿನದಿಂದ ಕೆಮ್ಮು ಇತ್ತು. ಜಗಲಿಯಲ್ಲೇ ಕೂರಿಸಿ ಬೆರಳಿಗೆ ಆಕ್ಸಿಮೀಟರ್ ಹಾಕಿದರು. 88 ತೋರಿಸಿತು. 94ಕ್ಕಿಂತ ಕೆಳಗೆ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು ಅಂತ ನಮಗೆಲ್ಲ ಬಾಯಿಪಾಠ ಆಗಿತ್ತು. ಮೊಮ್ಮಗಳು ಅಳಲು ಶುರು ಮಾಡಿದಳು. ಆಶಾ ಅಕ್ಕ ಮಾತ್ರ ಅಜ್ಜಿಯ ಕೈ ಮುಟ್ಟಿ ನೋಡಿ, “ಕೈ ಮಂಜುಗಡ್ಡೆ ಆಗಿದೆ. ಒಲೆ ಹತ್ತಿರ ಕೂತು ಬಿಸಿ ಮಾಡಿಕೊಂಡು ಬನ್ನಿ” ಅಂದರು. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದರೆ 97.

ಆ ಯಂತ್ರ ಬೆರಳಿನ ಮೂಲಕ ಬೆಳಕು ಹಾಯಿಸಿ ರಕ್ತದ ಬಣ್ಣದಿಂದ ಆಮ್ಲಜನಕ ಲೆಕ್ಕ ಹಾಕುತ್ತದೆ. ಬೆರಳು ತಣ್ಣಗಿದ್ದರೆ ಅಲ್ಲಿ ರಕ್ತದ ಓಡಾಟ ಕಡಿಮೆ, ಲೆಕ್ಕ ತಪ್ಪುತ್ತದೆ. ಗಾಢ ಬಣ್ಣದ ನೈಲ್ ಪಾಲಿಷ್ ಇದ್ದರೂ ತಪ್ಪಬಹುದು. ಬೆಚ್ಚಗೆ ಮಾಡಿದ ಮೇಲೂ ಕಡಿಮೆಯೇ ತೋರಿಸಿದರೆ ಕಾಯಬಾರದು, ಹೊರಡಬೇಕು. ಇದನ್ನೂ ಆಶಾ ಅಕ್ಕನೇ ಹೇಳಿದ್ದು. ನಮ್ಮಂಥ ಚಳಿ ಊರಿಗೆ ಈ ಮಾತು ತುಂಬಾ ಮುಖ್ಯ.

ಕೊನೆಗೆ ಹಂಚುವ ಕೆಲಸ. ಮೊದಲ ವರ್ಷ ನಾವು ತರಕಾರಿಯಿಂದ ಹಿಡಿದು ನೋಟಿನ ತನಕ ಎಲ್ಲವನ್ನೂ ತೊಳೆದದ್ದುಂಟು. ಎರಡನೇ ವರ್ಷದ ಹೊತ್ತಿಗೆ ಇದು ಹೆಚ್ಚಾಗಿ ಗಾಳಿಯಲ್ಲಿ, ಮುಚ್ಚಿದ ಕೋಣೆಯಲ್ಲಿ ಹರಡುತ್ತದೆ ಅಂತ ತಿಳಿದಿತ್ತು. ಕೈಗೆ ಸೋಪು ಸಾಕು. ಮಾತು ಮಾತ್ರ ಹೊರಗೆ ನಿಂತೇ ಆಡಬೇಕು. ಹಾಗಾಗಿ ಯಾರ ಮನೆಯೊಳಗೂ ಹೋಗಲಿಲ್ಲ. ಪ್ರತಿ ಮನೆಯ ಬಿಲ್ಲು, ಚಿಲ್ಲರೆಯನ್ನು ಬೇರೆ ಬೇರೆ ಲಕೋಟೆಯಲ್ಲಿ ಹಾಕಿದ್ದೆ. ಅಕ್ಕಪಕ್ಕದವರು ಅಂತ ಲೆಕ್ಕ ಬಾಯಿಮಾತಿಗೆ ಬಿಟ್ಟರೆ ಕೇಳಲು ಅವರಿಗೂ ಸಂಕೋಚ, ನಮಗೂ ಸಂಕೋಚ.

ಆದರೆ ಕೊಡಗಿನಲ್ಲಿ ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವುದುಂಟಾ? ಕಾಕನ ಹೆಂಡತಿಗೆ ನನ್ನನ್ನು ಗೇಟಿನಿಂದ ಹಾಗೇ ಕಳಿಸಲು ಆಗಲಿಲ್ಲ. ಬೆಲ್ಲ ಹಾಕಿದ ಕರಿ ಕಾಫಿಯನ್ನು ಸ್ಟೀಲ್ ಲೋಟದಲ್ಲಿ ತಂದು ಗೇಟಿನ ಕಲ್ಲಿನ ಮೇಲೆ ಇಟ್ಟು, ಹಿಂದೆ ಹೋಗಿ ಜಗಲಿಯಲ್ಲಿ ನಿಂತರು. ನಾನು ಈಚೆ ಕೊಡೆಯಡಿ ಕುಡಿದೆ. ಅವರು ಆಚೆಯಿಂದ ನೋಡುತ್ತಾ ಮಗಳ ಸುದ್ದಿ ಹೇಳಿದರು. ಆ ಮಗಳು ಕಣ್ಣೂರಿನ ಕಡೆ ಇದ್ದಳು. ಹಿಂದಿನ ವರ್ಷ ಕೇರಳಕ್ಕೆ ಹೋಗುವ ಮಾಕುಟ್ಟದ ದಾರಿ ಮುಚ್ಚಿದ ಮೇಲೆ ಎಷ್ಟೋ ತಿಂಗಳು ನೋಡಲು ಆಗಿರಲಿಲ್ಲವಂತೆ. ಎಷ್ಟು ವರ್ಷ ಅಕ್ಕಪಕ್ಕ ಇದ್ದರೂ ಅವರು ನನಗೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಮಾತು ಮುಗಿದ ಮೇಲೆ ಕಾಲೇಜಿನ ಒಬ್ಬ ಹುಡುಗಿ ಎದ್ದು ನಿಂತು, “ಈಗಲೂ ಚೀಟಿ ಬರೀತೀರಾ ಮೇಡಂ? ಈಗ ಎಲ್ಲ ಫೋನಲ್ಲೇ ತರಿಸಬಹುದಲ್ಲ” ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ.

ಬರೆಯುತ್ತೇನಮ್ಮ. ಫೋನಿನಲ್ಲಿ ತರಿಸಿದ್ದು ಮುಖ್ಯ ರಸ್ತೆಯ ತನಕ ಬರುತ್ತದೆ, ಅಲ್ಲಿಂದ ಒಳಗೆ ಯಾರಾದರೂ ತರಬೇಕು. ಅಜ್ಜಿ ಮಾತ್ರೆ ದಿನ ಬಿಟ್ಟು ದಿನ ನುಂಗುತ್ತಿದ್ದಾರೆ ಅಂತ ಫೋನು ನನಗೆ ಹೇಳುವುದಿಲ್ಲ. ಅಣ್ಣತಮ್ಮಂದಿರು ಈಗ ಮೈಸೂರಿಗೆ ಹೋಗಿದ್ದಾರೆ, ಆ ಮನೆಗೆ ಬೀಗ. ಪಿರಿಯಾಪಟ್ಟಣದವರೂ ಊರಿಗೆ ಹೋದರು. ಲೈನ್ ಮನೆಯಲ್ಲಿ ಈಗ ಅಸ್ಸಾಮಿನಿಂದ ಬಂದ ಸಂಸಾರ ಇದೆ. ಆ ಹೆಣ್ಣುಮಗಳಿಗೆ ಕನ್ನಡ ಸ್ವಲ್ಪ ಸ್ವಲ್ಪ ಬರುತ್ತದೆ. ಅವಳು ವಾಯ್ಸ್ ಮೆಸೇಜಿನಲ್ಲಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಅವಳ ಪಟ್ಟಿಯಲ್ಲಿ ಮೊದಲು ಬರುವುದು ಸಾಸಿವೆ ಎಣ್ಣೆ. ಮಡಿಕೇರಿಯಲ್ಲಿ ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಮೊದಲು ನನಗೆ ಗೊತ್ತಿರಲಿಲ್ಲ, ಈಗ ಗೊತ್ತು.